ಹಾರುವ ಹಕ್ಕಿಯೂ ನಿಧಾನದ ಷಟರೂ

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಮುಂಜಾನೆ ಆರು ಗಂಟೆಯ ಹೊತ್ತಿಗೆ ನಿಂತು ನೋಡೋಣ. ಸೂರ್ಯನು ಇನ್ನೂ ಮೂಡಿಲ್ಲ. ರಾತ್ರಿಯನ್ನು ಮರಗಳ ಮೇಲೆ ಕಳೆದ ಬೆಳ್ಳಕ್ಕಿಗಳು ಒಂದೊಂದಾಗಿ ಮೇವಿಗೆ ಹೊರಡುತ್ತಿವೆ. ನೀರುಕಾಗೆಗಳು ನೀರಿನ ಮಟ್ಟಕ್ಕೆ ಸಮೀಪವಾಗಿ, ಅವಸರದಿಂದ ರೆಕ್ಕೆ ಬಡಿಯುತ್ತ ಸಾಗುತ್ತಿವೆ. ಹೆಜ್ಜಾರ್ಲೆಯೊಂದು ತನ್ನ ಭಾರವಾದ ಮೈಯನ್ನು ಎತ್ತಿಕೊಂಡು, ನಾಲ್ಕಾರು ಸಲ ರೆಕ್ಕೆ ಬಡಿದು, ಬಳಿಕ ರೆಕ್ಕೆಗಳನ್ನು ಚಾಚಿ ತೇಲುತ್ತಿದೆ. ದಂಡೆಯಲ್ಲಿ ಕ್ಯಾಮರಾ ಹಿಡಿದು ನಿಂತ ವಿದ್ಯಾರ್ಥಿಯೊಬ್ಬನು ಬೆಳಕನ್ನು ಅಳೆದು ನೋಡುತ್ತಾನೆ. ಮಸೂರದ ರಂಧ್ರವನ್ನು ಪೂರ್ಣವಾಗಿ ತೆರೆದರೂ ಷಟರು 1/30 ಸೆಕೆಂಡಿನಷ್ಟು ಕಾಲ ತೆರೆದಿರಬೇಕೆಂದು ಅಳತೆ ತಿಳಿಸುತ್ತದೆ. ಆತನು ಗುಂಡಿಯನ್ನು ಒತ್ತುತ್ತಾನೆ. ಬೆಳ್ಳಕ್ಕಿಯಿದ್ದ ಕಡೆ ಚಿತ್ರದಲ್ಲಿ ಬಿಳಿಯ ಗೀಚೊಂದು ಮಾತ್ರ ಕಾಣುತ್ತದೆ. “ಚಿತ್ರ ಅಲುಗಿತು” ಎಂದು ಆತನು ಅದನ್ನು ಅಳಿಸಿಬಿಡುತ್ತಾನೆ.

ಹೀಗೆ ಅಳಿಸಿಹೋಗುವ ಚಿತ್ರಗಳ ಪರವಾಗಿ ನಾವು ಇಲ್ಲಿ ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ. ಅಲುಗಿದ ಚಿತ್ರವೆಲ್ಲವೂ ಕೆಟ್ಟ ಚಿತ್ರವಲ್ಲ. ಏನು ಅಲುಗಿತು, ಎಷ್ಟು ಅಲುಗಿತು ಎಂಬುದನ್ನು ಲೆಕ್ಕ ಹಾಕಲು ಬಲ್ಲವನಿಗೆ ಆ ಗೀಚೇ ಹಕ್ಕಿಯ ಹಾರಾಟದ ದಾಖಲೆಯಾಗುವುದು. ಇದಕ್ಕೆ ಬೇಕಾದ ಗಣಿತವು ಪ್ರೌಢಶಾಲೆಯ ಗಣಿತವನ್ನು ಮೀರಿದುದಲ್ಲ.

ಬಿಂಬದ ವೇಗ

ಮೊದಲು ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ದೊಡ್ಡ ಬೆಳ್ಳಕ್ಕಿಯೊಂದು ನಮ್ಮಿಂದ 40 ಮೀಟರು ದೂರದಲ್ಲಿ, ಎಡದಿಂದ ಬಲಕ್ಕೆ, ಸೆಕೆಂಡಿಗೆ 10 ಮೀಟರು ವೇಗದಿಂದ ಹಾರುತ್ತಿದೆ ಎಂದು ಭಾವಿಸಿರಿ. ಇದು ಗಂಟೆಗೆ 36 ಕಿಲೋಮೀಟರು ಆಯಿತು. ನಮ್ಮ ಕ್ಯಾಮರಾದ ಮಸೂರದ ಸಂಗಮ ದೂರ 400 ಮಿಲಿಮೀಟರು. ದೂರದ ವಸ್ತುವಿನ ಬಿಂಬವು ವಸ್ತುವಿಗಿಂತ ಎಷ್ಟು ಪಾಲು ಚಿಕ್ಕದೆಂಬುದನ್ನು ತಿಳಿಯಲು ಸಂಗಮ ದೂರವನ್ನು ವಸ್ತುವಿನ ದೂರದಿಂದ ಭಾಗಿಸಿದರೆ ಸಾಕು. 0.4 ಮೀಟರನ್ನು 40 ಮೀಟರಿನಿಂದ ಭಾಗಿಸಿದರೆ 1/100 ಬರುತ್ತದೆ. ಎಂದರೆ 90 ಸೆಂಟಿಮೀಟರು ಉದ್ದದ ಹಕ್ಕಿಯ ಬಿಂಬ 9 ಮಿಲಿಮೀಟರು ಉದ್ದವಾಗಿರುತ್ತದೆ.

ಹಕ್ಕಿಯ ಅಳತೆಯಂತೆ ಅದರ ವೇಗವೂ ನೂರರಲ್ಲಿ ಒಂದು ಪಾಲಿಗೆ ಇಳಿಯುವುದು. ಆದುದರಿಂದ ಬಿಂಬವು ಸೆಕೆಂಡಿಗೆ 100 ಮಿಲಿಮೀಟರು ವೇಗದಿಂದ ಸರಿಯುತ್ತದೆ. ಷಟರು 1/30 ಸೆಕೆಂಡು ತೆರೆದಿದ್ದರೆ ಅಷ್ಟರಲ್ಲಿ ಬಿಂಬ 3.3 ಮಿಲಿಮೀಟರು ಸರಿದಿರುತ್ತದೆ. ಹಕ್ಕಿಯ ಉದ್ದದ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು! ವಿದ್ಯಾರ್ಥಿಗೆ ದೊರೆತ ಬಿಳಿಯ ಗೀಚಿನ ರಹಸ್ಯ ಇದೇ. 36 ಮಿಲಿಮೀಟರು ಅಗಲದ ಚಿತ್ರಪಟದಲ್ಲಿ ಸುಮಾರು 0.03 ಮಿಲಿಮೀಟರಿಗಿಂತ ಕಡಿಮೆಯ ಅಲುಗಾಟವು ಕಣ್ಣಿಗೆ ಕಾಣದೆಂದು ಛಾಯಾಚಿತ್ರಕಾರರು ಲೆಕ್ಕ ಹಿಡಿಯುವುದುಂಟು. ಸ್ಥಿರವಾಗಿ ಹಿಡಿದ ಕ್ಯಾಮರಾದಿಂದ ಅಷ್ಟು ಸ್ಪಷ್ಟತೆ ಬೇಕಾದರೆ ಷಟರಿನ ಕಾಲ 1/3000 ಸೆಕೆಂಡಿಗಿಂತಲೂ ಕಿರಿದಾಗಿರಬೇಕು.

ಇಂದಿನ ಕ್ಯಾಮರಾಗಳಿಗೆ ಇದೇನೂ ಅಸಾಧ್ಯವಲ್ಲ. ಐ.ಎಸ್.ಒ. 400ರಲ್ಲಿ 1/30 ಸೆಕೆಂಡು ಬೇಡುವ ಬೆಳಕಿನಲ್ಲಿ ಐ.ಎಸ್.ಒ. 6400ಕ್ಕೆ ಏರಿದರೆ, ಸ್ವಲ್ಪ ಮಟ್ಟಿನ ಕಾಳುಕಾಳಾದ ನೋಟವನ್ನು ಒಪ್ಪಿಕೊಂಡು, ಸುಮಾರು 1/500 ಸೆಕೆಂಡಿಗೆ ಬರಬಹುದು. ಹಗಲು ಬೆಳಕಿನಲ್ಲಂತೂ 1/4000 ಸೆಕೆಂಡೂ ಸುಲಭ. ಹಾಗಿದ್ದ ಮೇಲೆ ನಿಧಾನದ ಷಟರು ಏತಕ್ಕೆ ಎಂದು ಓದುಗರು ಕೇಳಬಹುದು. ಶೀಘ್ರದ ಷಟರು ಹಕ್ಕಿಯ ಆಕಾರವನ್ನು ತೋರಿಸುತ್ತದೆ. ಅದರ ಚಲನೆಯನ್ನು ತೋರಿಸುವುದಿಲ್ಲ. ಅಂತಹ ಚಿತ್ರದಲ್ಲಿ ಹಕ್ಕಿ ಹಾರುತ್ತಿದೆಯೋ, ಗಾಜಿನ ಪೆಟ್ಟಿಗೆಯಲ್ಲಿ ತೂಗುಹಾಕಿದೆಯೋ ಎಂಬುದನ್ನು ನಾವು ಊಹಿಸಿಕೊಳ್ಳಬೇಕು. ನಿಧಾನದ ಷಟರು ಆಕಾರದ ಒಂದು ಪಾಲನ್ನು ಬಿಟ್ಟುಕೊಟ್ಟು ಚಲನೆಯನ್ನು ಪಡೆದುಕೊಳ್ಳುತ್ತದೆ.

ಹಕ್ಕಿಯೊಡನೆ ತಿರುಗುವ ಕ್ಯಾಮರಾ

ಆದರೆ ಇಡೀ ಹಕ್ಕಿಯೇ ಗೀಚಾಗಿಹೋದರೆ ಪ್ರಯೋಜನವಿಲ್ಲ. ಮೈಯೂ ತಲೆಯೂ ಸ್ಪಷ್ಟವಾಗಿರಬೇಕು, ರೆಕ್ಕೆ ಮಾತ್ರ ಚಲಿಸಿದಂತೆ ಕಾಣಬೇಕು. ಇದಕ್ಕೆ ಉಪಾಯ ಸರಳವಾದುದು: ಹಕ್ಕಿ ಸಾಗುವ ವೇಗದಲ್ಲಿಯೇ ಕ್ಯಾಮರಾವನ್ನೂ ತಿರುಗಿಸುವುದು. ಛಾಯಾಚಿತ್ರಕಾರರು ಇದನ್ನು ಪ್ಯಾನಿಂಗ್ ಎನ್ನುತ್ತಾರೆ. ರೈಲಿನಲ್ಲಿ ಕುಳಿತವನಿಗೆ, ಪಕ್ಕದ ಹಳಿಯ ಮೇಲೆ ಅದೇ ವೇಗದಿಂದ ಸಾಗುವ ಇನ್ನೊಂದು ರೈಲು ನಿಂತಂತೆ ತೋರುವುದಲ್ಲವೆ? ಇಲ್ಲಿಯೂ ಹಾಗೆಯೇ.

ನಮ್ಮ ಉದಾಹರಣೆಯ ಬೆಳ್ಳಕ್ಕಿ ನಮ್ಮೆದುರಿನಲ್ಲಿ ಹಾದುಹೋಗುವಾಗ ಕ್ಯಾಮರಾ ಸೆಕೆಂಡಿಗೆ 10/40 ರೇಡಿಯನ್, ಎಂದರೆ ಸುಮಾರು 14 ಡಿಗ್ರಿ ತಿರುಗಬೇಕಾಗುವುದು. ಕೈ ಯಂತ್ರವಲ್ಲ, ತಪ್ಪು ಆಗಿಯೇ ಆಗುವುದು. ತಪ್ಪು ನೂರಕ್ಕೆ ಎರಡರಷ್ಟು ಎಂದಿಟ್ಟುಕೊಳ್ಳೋಣ. ಆಗ ಬಿಂಬದ ಉಳಿದ ವೇಗ ಸೆಕೆಂಡಿಗೆ 2 ಮಿಲಿಮೀಟರು ಮಾತ್ರ. 1/30 ಸೆಕೆಂಡಿನಲ್ಲಿ ಅದು 0.07 ಮಿಲಿಮೀಟರಿನಷ್ಟು ಸರಿಯುತ್ತದೆ. 9 ಮಿಲಿಮೀಟರು ಉದ್ದದ ಹಕ್ಕಿಯಲ್ಲಿ ಇದು ಅತ್ಯಲ್ಪ. ಮೊದಲು ಬಂದಿದ್ದ 3.3 ಮಿಲಿಮೀಟರಿನೊಡನೆ ಹೋಲಿಸಿದರೆ ಕೈಯ ಅಭ್ಯಾಸವೊಂದೇ ಚಿತ್ರವನ್ನು ಐವತ್ತರಷ್ಟು ತೀಕ್ಷ್ಣಗೊಳಿಸಿತೆಂದು ಹೇಳಬಹುದು.

ಹಕ್ಕಿ ನಿಂತಿತು; ಹಾಗಾದರೆ ಆ 3.3 ಮಿಲಿಮೀಟರಿನ ಗೀಚು ಎಲ್ಲಿಗೆ ಹೋಯಿತು? ಅದು ಹಿನ್ನೆಲೆಗೆ ವರ್ಗವಾಯಿತು. ಕದಲದೆ ನಿಂತ ಆಚೆ ದಂಡೆಯ ಮರಗಳು ಈಗ ಅಡ್ಡಲಾಗಿ ಎಳೆದ ಹಸುರು ಗೆರೆಗಳಾಗುತ್ತವೆ. ನೀರಿನ ಮೇಲಿನ ಹೊಳಪುಗಳು ಬೆಳ್ಳಿಯ ಎಳೆಗಳಾಗುತ್ತವೆ. ಈ ಗೆರೆಗಳನ್ನು ನೋಡಿಯೇ ನಮ್ಮ ಕಣ್ಣು ವೇಗವನ್ನು ಅರಿಯುತ್ತದೆ. ಆದುದರಿಂದ ಬೋಳು ಆಕಾಶವು ಈ ಬಗೆಯ ಚಿತ್ರಕ್ಕೆ ಒಳ್ಳೆಯ ಹಿನ್ನೆಲೆಯಲ್ಲ. ಆಕಾಶದಲ್ಲಿ ಗೆರೆಯಾಗತಕ್ಕ ವಸ್ತುವೇ ಇಲ್ಲ. ಕುಕ್ಕರಹಳ್ಳಿಯ ಹಾಗೆ ಸುತ್ತ ಮರಗಳಿರುವ ಕೆರೆ ಇದಕ್ಕೆ ತಕ್ಕ ಸ್ಥಳ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ನೀರಾವರಿಗೆಂದು ನಿರ್ಮಿತವಾದ ಈ ಕೆರೆ ಇಂದು ಮಾನಸಗಂಗೋತ್ರಿಯ ಮಗ್ಗುಲಲ್ಲಿ ಹಕ್ಕಿಗಳ ಆಶ್ರಯವಾಗಿದೆ. ಮೃಗಾಲಯಕ್ಕೆ ಹೊಂದಿಕೊಂಡ ಕಾರಂಜಿ ಕೆರೆಯೂ ಅಂತಹುದೇ.

ಗುಂಡಿ ಒತ್ತುವ ಗಳಿಗೆ

ಯಾವ ಗಳಿಗೆಯಲ್ಲಿ ಷಟರನ್ನು ಬಿಡಬೇಕೆಂಬುದಕ್ಕೂ ಜ್ಯಾಮಿತಿಯೇ ಉತ್ತರ ಕೊಡುತ್ತದೆ. ದೂರದಿಂದ ಬರುವ ಹಕ್ಕಿ ಮೊದಲು ನಿಧಾನವಾಗಿ ಸರಿಯುವಂತೆ ತೋರುವುದು. ಸಮೀಪಿಸಿದಂತೆಲ್ಲ ಕ್ಯಾಮರಾವನ್ನು ಬೇಗಬೇಗನೆ ತಿರುಗಿಸಬೇಕಾಗುವುದು. ನೇರ ಎದುರಿನ ಬಿಂದುವಿಗೆ ಹಕ್ಕಿ ಇನ್ನೂ 40 ಮೀಟರು ಹಿಂದಿರುವಾಗ ಬೇಕಾದ ಕೋನವೇಗ ಸೆಕೆಂಡಿಗೆ ಸುಮಾರು 7 ಡಿಗ್ರಿ. ನೇರ ಎದುರಿಗೆ ಬಂದಾಗ ಅದರ ಎರಡರಷ್ಟು, 14 ಡಿಗ್ರಿ. ಆಚೆಗೆ ಹೋದಂತೆ ಮತ್ತೆ ಇಳಿಯುತ್ತದೆ.

ನೇರ ಎದುರಿನಲ್ಲಿ ಕೋನವೇಗವು ಅತ್ಯಧಿಕವಾಗಿರುವುದರಿಂದ ಅಲ್ಲಿಯೇ ಕಷ್ಟ ಹೆಚ್ಚೆಂದು ತೋರಬಹುದು. ವಾಸ್ತವವಾಗಿ ಅಲ್ಲಿಯೇ ಕೆಲಸ ಸುಲಭ. ಮೇಲಕ್ಕೆಸೆದ ಚೆಂಡು ತುತ್ತತುದಿಯನ್ನು ಮುಟ್ಟಿದ ಕ್ಷಣದಲ್ಲಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಅದರಂತೆ, ಪರಮಾವಧಿಯನ್ನು ಮುಟ್ಟಿದ ಕೋನವೇಗವು ಆ ಒಂದು ಗಳಿಗೆಯಲ್ಲಿ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಒಂದೇ ಸಮನಾದ ವೇಗದಲ್ಲಿ ತಿರುಗುವುದು ಕೈಗೆ ಸುಲಭ. ಬದಲಾಗುವ ವೇಗವನ್ನು ಅನುಸರಿಸುವುದು ಕಷ್ಟ. ಹಕ್ಕಿಯ ದೂರವೂ ಅಲ್ಲಿ ಕನಿಷ್ಠವಾಗಿದ್ದು, ಆ ಕ್ಷಣದಲ್ಲಿ ಬದಲಾಗುವುದಿಲ್ಲ. ಆದುದರಿಂದ ಬಿಂಬದ ಅಳತೆಯೂ ಸ್ಪಷ್ಟತೆಯೂ ಸ್ಥಿರವಾಗಿರುತ್ತವೆ.

ಇದರಿಂದ ನಿಲ್ಲುವ ಭಂಗಿಯೂ ನಿರ್ಧಾರವಾಗುತ್ತದೆ. ಹಕ್ಕಿ ನೇರ ಎದುರಿಗೆ ಬರುವ ಸ್ಥಳದತ್ತ ಪಾದಗಳನ್ನು ಊರಿ ನಿಲ್ಲತಕ್ಕದ್ದು. ಬಳಿಕ ಸೊಂಟದಿಂದ ಮೇಲಣ ದೇಹವನ್ನು ಹಕ್ಕಿ ಬರುವ ದಿಕ್ಕಿಗೆ ತಿರುಗಿಸಿ, ಮೊಳಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಹಕ್ಕಿಯ ತಲೆಯನ್ನು ಚೌಕಟ್ಟಿನ ಒಂದೇ ಜಾಗದಲ್ಲಿ ಇಟ್ಟುಕೊಂಡು ತಿರುಗುತ್ತ ಬರಬೇಕು. ಗುಂಡಿಯನ್ನು ಮೆಲ್ಲನೆ ಒತ್ತಬೇಕು. ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸಬಾರದು. ಕ್ರಿಕೆಟ್ಟಿನ ಬೌಲರು ಚೆಂಡು ಕೈಬಿಟ್ಟ ಮೇಲೂ ತೋಳನ್ನು ಪೂರ್ತಿಯಾಗಿ ಬೀಸಿ ಇಳಿಸುವಂತೆ ಇದೂ ಒಂದು ನಿಯಮ. ಮಸೂರದಲ್ಲಿ ಅಲುಗಾಟವನ್ನು ತಡೆಯುವ ಏರ್ಪಾಡಿದ್ದರೆ, ಮೇಲುಕೆಳಗಿನ ಅಲುಗಾಟವನ್ನು ಮಾತ್ರ ತಡೆಯುವ ಸ್ಥಿತಿಯಲ್ಲಿ ಅದನ್ನು ಇಡಬೇಕು. ಇಲ್ಲವಾದರೆ ಅದು ನಮ್ಮ ತಿರುಗುವಿಕೆಯನ್ನೇ ಅಲುಗಾಟವೆಂದು ಎಣಿಸಿ ಎದುರಿಸಬಹುದು.

ಅಭ್ಯಾಸಕ್ಕೆ ಹಕ್ಕಿಯೇ ಬೇಕೆಂದಿಲ್ಲ. ರಸ್ತೆಯ ಬದಿಯಲ್ಲಿ ನಿಂತು ಸೈಕಲ್ ಸವಾರರನ್ನು 1/125, 1/60, 1/30, 1/15 ಎಂದು ಕ್ರಮವಾಗಿ ಇಳಿಯುತ್ತ ಚಿತ್ರಿಸಿ ನೋಡಬಹುದು. ಸವಾರನ ಮುಖ ಸ್ಪಷ್ಟವಾಗಿ, ಚಕ್ರದ ಕಡ್ಡಿಗಳು ಮಸುಕಾಗಿ ಬಂದರೆ ಕೈ ಪಳಗಿತೆಂದು ತಿಳಿಯಬಹುದು. ನಾವು ಆರಂಭದಲ್ಲಿ ತೆಗೆದ ಚಿತ್ರಗಳಲ್ಲಿ ಸವಾರನೂ ಮಸುಕು, ಸೈಕಲ್ಲೂ ಮಸುಕು. ಈ ವಿದ್ಯೆಯಲ್ಲಿ ಬಹುಭಾಗ ಚಿತ್ರಗಳು ವ್ಯರ್ಥವಾಗುವುವೆಂಬುದನ್ನು ಮೊದಲೇ ಒಪ್ಪಿಕೊಂಡರೆ ನಿರಾಶೆಗೆ ಅವಕಾಶವಿಲ್ಲ.

ರೆಕ್ಕೆ ಬರೆಯುವ ಲೆಕ್ಕ

ಈಗ ರೆಕ್ಕೆಯ ಕಡೆಗೆ ತಿರುಗೋಣ. ಬಕಜಾತಿಯ ದೊಡ್ಡ ಹಕ್ಕಿಗಳು ಸೆಕೆಂಡಿಗೆ ಎರಡು ಮೂರು ಬಾರಿ ರೆಕ್ಕೆ ಬಡಿಯುತ್ತವೆ. ನಮ್ಮ ಬೆಳ್ಳಕ್ಕಿ ಎರಡೂವರೆ ಬಾರಿ ಬಡಿಯುತ್ತದೆಂದೂ, ರೆಕ್ಕೆಯ ತುದಿ ಪ್ರತಿ ಬಡಿತದಲ್ಲಿ ಒಂದು ಮೀಟರು ಕೆಳಕ್ಕೆ, ಒಂದು ಮೀಟರು ಮೇಲಕ್ಕೆ ಚಲಿಸುತ್ತದೆಂದೂ ಇಟ್ಟುಕೊಂಡರೆ ತುದಿಯ ಸರಾಸರಿ ವೇಗ ಸೆಕೆಂಡಿಗೆ 5 ಮೀಟರು. ಬಿಂಬದಲ್ಲಿ ಇದು ಸೆಕೆಂಡಿಗೆ 50 ಮಿಲಿಮೀಟರು. 1/30 ಸೆಕೆಂಡಿನಲ್ಲಿ ಸುಮಾರು 1.7 ಮಿಲಿಮೀಟರು. ಮೈಯ ಅಲುಗಾಟ 0.07, ರೆಕ್ಕೆಯ ತುದಿಯ ಅಲುಗಾಟ 1.7, ಇಪ್ಪತ್ತೈದರಷ್ಟು ವ್ಯತ್ಯಾಸ. ಮೈ ಸ್ಪಷ್ಟ, ರೆಕ್ಕೆ ಮಸುಕು ಎಂಬ ನಮ್ಮ ಆಸೆ ಹೀಗೆ ನೆರವೇರುತ್ತದೆ. ಭುಜದ ಬಳಿ ಮಸುಕು ಕಡಿಮೆ, ತುದಿಯ ಕಡೆ ಹೆಚ್ಚು ಎಂಬುದನ್ನೂ ಗಮನಿಸಬೇಕು. ರೆಕ್ಕೆಯು ಭುಜವನ್ನು ಕೀಲಾಗಿ ಮಾಡಿಕೊಂಡು ತಿರುಗುವುದರಿಂದ ಕೀಲಿನಿಂದ ದೂರವಾದಷ್ಟೂ ವೇಗ ಏರುತ್ತದೆ.

ಷಟರಿನ ಕಾಲವನ್ನು ಆರಿಸಲು ಒಂದು ಸುಲಭ ಸೂತ್ರವಿದೆ. ಬಡಿತಗಳ ಸಂಖ್ಯೆಯನ್ನು ಷಟರಿನ ಕಾಲದಿಂದ ಗುಣಿಸಿದರೆ, ಷಟರು ತೆರೆದಿದ್ದಾಗ ರೆಕ್ಕೆ ತನ್ನ ಸುತ್ತಿನ ಎಷ್ಟು ಪಾಲನ್ನು ಪೂರೈಸಿತೆಂಬುದು ತಿಳಿಯುತ್ತದೆ. ಬೆಳ್ಳಕ್ಕಿಗೆ 1/1000 ಸೆಕೆಂಡಿನಲ್ಲಿ ಇದು 1/400 ಪಾಲು: ರೆಕ್ಕೆ ಹೆಪ್ಪುಗಟ್ಟಿದಂತೆ ಕಾಣುವುದು. 1/30ರಲ್ಲಿ 1/12 ಪಾಲು: ಅಂಚು ಮೆತ್ತಗಾಗುವುದು. 1/8ರಲ್ಲಿ ಸುಮಾರು ಮೂರನೆಯ ಒಂದು ಪಾಲು: ರೆಕ್ಕೆ ಬೀಸಣಿಗೆಯಾಗಿ ಹರಡುವುದು. ಅರಮನೆಯ ಸುತ್ತ ಹಾರುವ ಪಾರಿವಾಳವು ಸೆಕೆಂಡಿಗೆ ಆರು ಬಾರಿ ಬಡಿಯುತ್ತದೆಂದು ಹಿಡಿದರೆ, ಬೆಳ್ಳಕ್ಕಿಗೆ 1/30ರಲ್ಲಿ ಸಿಕ್ಕ ನೋಟವೇ ಪಾರಿವಾಳಕ್ಕೆ ಸುಮಾರು 1/70ರಲ್ಲಿ ಸಿಗುತ್ತದೆ. ಆದುದರಿಂದ ‘ನಿಧಾನ’ ಎಂಬುದು ಗಡಿಯಾರದ ಮಾತಲ್ಲ. ಹಕ್ಕಿಯಿಂದ ಹಕ್ಕಿಗೆ ಬದಲಾಗುವ ಮಾತು.

ಇನ್ನೊಂದು ಸೂಕ್ಷ್ಮವನ್ನು ಭೌತಶಾಸ್ತ್ರದ ವಿದ್ಯಾರ್ಥಿಗಳು ಮೆಚ್ಚಬಹುದು. ತೂಗುಯ್ಯಾಲೆ ಎರಡು ಕೊನೆಗಳಲ್ಲಿ ಕ್ಷಣಕಾಲ ನಿಂತು ನಡುವೆ ವೇಗವಾಗಿ ಸಾಗುವಂತೆ, ರೆಕ್ಕೆಯೂ ಮೇಲಣ ಮತ್ತು ಕೆಳಗಣ ಕೊನೆಗಳಲ್ಲಿ ದಿಕ್ಕು ಬದಲಿಸಲು ನಿಧಾನವಾಗುತ್ತದೆ. ಚಲನೆಯು ಸರಳ ಸಂಗತ ಚಲನೆಯಾಗಿದ್ದರೆ, ದಾರಿಯ ಮೇಲಣ ಕಾಲುಭಾಗದಲ್ಲಿ ಮೂರನೆಯ ಒಂದು ಪಾಲು ಕಾಲವೂ, ಕೆಳಗಣ ಕಾಲುಭಾಗದಲ್ಲಿ ಮತ್ತೊಂದು ಪಾಲೂ, ನಡುವಣ ಅರ್ಧದಲ್ಲಿ ಉಳಿದ ಒಂದು ಪಾಲೂ ಕಳೆಯುತ್ತದೆ. ಹಕ್ಕಿಯ ರೆಕ್ಕೆಯ ಚಲನೆ ಅಷ್ಟು ಸರಳವಲ್ಲದಿದ್ದರೂ ಪರಿಣಾಮ ಇದೇ ಬಗೆಯದು. ಒಂದು ಪೂರ್ಣ ಬಡಿತಕ್ಕೆ ಸಮೀಪವಾದ ಕಾಲ ಷಟರು ತೆರೆದಿದ್ದರೆ, ಚಿತ್ರದಲ್ಲಿ ಹಕ್ಕಿಗೆ ಮೇಲೊಂದು ಜೊತೆ, ಕೆಳಗೊಂದು ಜೊತೆ ರೆಕ್ಕೆಗಳಿದ್ದಂತೆ ತೋರುವುದು. ಇದು ಮಾಯೆಯಲ್ಲ, ರೆಕ್ಕೆ ಎಲ್ಲಿ ಹೆಚ್ಚು ಹೊತ್ತು ಇತ್ತೋ ಅಲ್ಲಿ ಹೆಚ್ಚು ಬೆಳಕನ್ನು ಬರೆದಿದೆ, ಅಷ್ಟೆ.

ಬೆಳಕಿನ ಹತೋಟಿ

ನಡುಹಗಲಿನ ಬಿಸಿಲಿನಲ್ಲಿ ನಿಧಾನದ ಷಟರು ಸುಲಭವಾಗಿ ಒದಗದು. ಐ.ಎಸ್.ಒ. 100ರಲ್ಲಿ, ರಂಧ್ರ ಎಫ್/16 ಇದ್ದರೂ, ಒಳ್ಳೆಯ ಬಿಸಿಲಿಗೆ 1/100 ಸೆಕೆಂಡು ಸಾಕಾಗುತ್ತದೆ. 1/25ಕ್ಕೆ ಇಳಿಯಬೇಕಾದರೆ ಬೆಳಕನ್ನು ನಾಲ್ಕರಲ್ಲಿ ಒಂದು ಪಾಲಿಗೆ ತಗ್ಗಿಸುವ ಬೂದು ಬಣ್ಣದ ಫಿಲ್ಟರನ್ನು ಮಸೂರದ ಮುಂದೆ ಇಡಬೇಕು. ರಂಧ್ರವನ್ನೇ ಇನ್ನೂ ಕಿರಿದಾಗಿಸುತ್ತ ಹೋದರೆ ಬೆಳಕಿನ ವಿವರ್ತನೆಯಿಂದ ಇಡೀ ಚಿತ್ರವೇ ಮಂದವಾಗುವುದು. ಫಿಲ್ಟರು ಇಲ್ಲದವರಿಗೆ ಮುಂಜಾನೆ, ಮುಸ್ಸಂಜೆ, ಮೋಡ ಕವಿದ ದಿನಗಳೇ ಒಳ್ಳೆಯವು. ಬಿಳಿಯ ಹಕ್ಕಿ ಕಪ್ಪು ಮರಗಳ ಮುಂದೆ ಹಾರುವಾಗ ಕ್ಯಾಮರಾದ ಅಳತೆಯು ಮರಗಳನ್ನು ನೋಡಿ ಮೋಸಹೋಗುವುದರಿಂದ, ಅದು ಹೇಳುವುದಕ್ಕಿಂತ ಬೆಳಕನ್ನು ಸ್ವಲ್ಪ ಕಡಿಮೆ ಕೊಡಬೇಕು.

ಮಾರೆಯ ಹೆಜ್ಜಾರ್ಲೆ

ಚಲನೆಯನ್ನು ಚಿತ್ರದಲ್ಲಿ ಅಳೆಯುವ ಈ ಹಂಬಲ ಹಳೆಯದು. ಫ್ರಾನ್ಸಿನ ಶರೀರಕ್ರಿಯಾ ವಿಜ್ಞಾನಿ ಎತಿಯೆನ್ ಜೂಲ್ ಮಾರೆ (1830–1904) ಹಕ್ಕಿಗಳ ಹಾರಾಟವನ್ನು ಅರಿಯಲು 1882ರಲ್ಲಿ ಬಂದೂಕಿನ ಆಕಾರದ ಕ್ಯಾಮರಾವೊಂದನ್ನು ರಚಿಸಿದನು. ಅದು ಸೆಕೆಂಡಿಗೆ 12 ಚಿತ್ರಗಳನ್ನು, ಒಂದೊಂದನ್ನೂ 1/720 ಸೆಕೆಂಡಿನಲ್ಲಿ, ತೆಗೆಯುತ್ತಿತ್ತು. ಬಳಿಕ ಕಪ್ಪು ಹಿನ್ನೆಲೆಯ ಮುಂದೆ ಹಾರುವ ಹಕ್ಕಿಯ ಹಲವು ಭಂಗಿಗಳನ್ನು ಒಂದೇ ಫಲಕದ ಮೇಲೆ ಸಾಲಾಗಿ ಮೂಡಿಸಿದನು. ಅವುಗಳಲ್ಲಿ ಪ್ರಸಿದ್ಧವಾದುದೊಂದು ಹಾರುವ ಹೆಜ್ಜಾರ್ಲೆಯ ಚಿತ್ರ. ಕುಕ್ಕರಹಳ್ಳಿಯ ನಮ್ಮ ಹೆಜ್ಜಾರ್ಲೆಯ ಬಂಧು! ಜರ್ಮನಿಯಲ್ಲಿ ಒಟ್ಟೊಮಾರ್ ಆನ್‌ಷುಟ್ಸ್ 1884ರಲ್ಲಿ ಹಾರುವ ಕೊಕ್ಕರೆಗಳ ಸ್ಪಷ್ಟ ಚಿತ್ರಗಳನ್ನು ತೆಗೆದನು. ಅದೇ ದೇಶದ ಒಟ್ಟೊ ಲಿಲಿಯೆಂಥಾಲ್ ಕೊಕ್ಕರೆಗಳ ಹಾರಾಟವನ್ನು ಅಭ್ಯಸಿಸಿ 1889ರಲ್ಲಿ ಗ್ರಂಥವನ್ನು ಬರೆದು, 1891ರಿಂದ ತಾನೇ ತೇಲುವಿಮಾನಗಳಲ್ಲಿ ಹಾರಿದನು.

ಮಾರೆ ಕಪ್ಪು ಹಿನ್ನೆಲೆಯನ್ನು ಆರಿಸಿದ್ದೇಕೆಂಬುದನ್ನು ನಾವು ಕೆರೆಯ ದಂಡೆಯಲ್ಲಿಯೇ ಪರೀಕ್ಷಿಸಬಹುದು. ಕ್ಯಾಮರಾವನ್ನು ಮುಕ್ಕಾಲಿಯ ಮೇಲೆ ಕದಲದಂತೆ ನಿಲ್ಲಿಸಿ, 50 ಮಿಲಿಮೀಟರಿನ ಮಸೂರ ಹಾಕಿ, ಷಟರನ್ನು ಅರ್ಧ ಸೆಕೆಂಡು ತೆರೆದಿಡೋಣ. 90 ಸೆಂಟಿಮೀಟರು ಉದ್ದದ ಹಕ್ಕಿ ಒಂದು ಬಿಂದುವನ್ನು ದಾಟಲು 0.09 ಸೆಕೆಂಡು ಸಾಕು. ಎಂದರೆ ಫಲಕದ ಆ ಬಿಂದುವಿನ ಮೇಲೆ ನೂರರಲ್ಲಿ 18 ಪಾಲು ಕಾಲ ಹಕ್ಕಿಯ ಬೆಳಕೂ, 82 ಪಾಲು ಕಾಲ ಹಿನ್ನೆಲೆಯ ಬೆಳಕೂ ಬೀಳುತ್ತದೆ. ಹಿನ್ನೆಲೆ ಕಪ್ಪಾದ ಮರವಾಗಿದ್ದು ಹಕ್ಕಿ ಬೆಳ್ಳಕ್ಕಿಯಾಗಿದ್ದರೆ ಆ 18 ಪಾಲೇ ಬಿಳಿಯ ಪಟ್ಟಿಯಾಗಿ ಎದ್ದು ತೋರುವುದು. ಬೆಳಗುವ ಆಕಾಶದ ಮುಂದೆ ಕಪ್ಪು ನೀರುಕಾಗೆ ಹಾರಿದರೋ, ಆಕಾಶದ 82 ಪಾಲು ಬೆಳಕು ಅದನ್ನು ಬಹುಮಟ್ಟಿಗೆ ಅಳಿಸಿಬಿಡುವುದು. ಬೆಳಕು ಬರೆಯುತ್ತದೆ, ಕತ್ತಲೆ ಬರೆಯಲಾರದು.

ಚಿತ್ರದಲ್ಲಿ ರೆಕ್ಕೆಯ ತುದಿ ಅಲೆಯಾಗಿ ಮೂಡಿದ್ದರೆ ಅಲೆಗಳನ್ನು ಎಣಿಸಿ ಷಟರಿನ ಕಾಲದಿಂದ ಭಾಗಿಸಿರಿ. ಅರ್ಧ ಸೆಕೆಂಡಿನಲ್ಲಿ ಒಂದೂಕಾಲು ಅಲೆಯಿದ್ದರೆ ಬಡಿತ ಸೆಕೆಂಡಿಗೆ ಎರಡೂವರೆ. ವಿದ್ಯಾರ್ಥಿಯು ಗೀಚೆಂದು ಅಳಿಸಿಬಿಡಬಹುದಾಗಿದ್ದ ಚಿತ್ರದಿಂದ ಹೀಗೆ ಒಂದು ಅಳತೆ ಹೊರಬಂದಿತು.

ಒಂದು ಎಚ್ಚರಿಕೆ

ಕೊನೆಯದಾಗಿ ಒಂದು ಮಾತನ್ನು ಹೇಳದೆ ಮುಗಿಸಲಾಗದು. ಹಕ್ಕಿ ಹಾರಲಿ ಎಂದು ಕಲ್ಲೆಸೆಯುವವರನ್ನೂ, ಚಪ್ಪಾಳೆ ತಟ್ಟುವವರನ್ನೂ ನಾವು ಕೆರೆಗಳ ಬಳಿ ಕಂಡಿದ್ದೇವೆ. ಗೂಡಿನಿಂದ ಬೆದರಿ ಎದ್ದ ತಾಯಿ ಹಕ್ಕಿ ಮರಳುವಷ್ಟರಲ್ಲಿ ಮೊಟ್ಟೆಗಳು ಬಿಸಿಲಿಗೆ ಕೆಡಬಹುದು. ಮರಿಗಳು ಕಾಗೆ ಹದ್ದುಗಳ ಪಾಲಾಗಬಹುದು. ಸಲೀಂ ಅಲಿಯವರು 1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದಾಗ ಕಾವೇರಿಯ ನಡುಗಡ್ಡೆಗಳಲ್ಲಿ ಗೂಡುಕಟ್ಟುವ ಹಕ್ಕಿಗಳನ್ನು ಕಂಡು, ರಕ್ಷಣೆಗಾಗಿ ಮಹಾರಾಜರನ್ನು ಒಪ್ಪಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 2022ರಲ್ಲಿ ಅದು ರಾಮ್ಸಾರ್ ಪಟ್ಟಿಗೂ ಸೇರಿತು. ಅಂತಹ ಸ್ಥಳಗಳಲ್ಲಿ ಒಂದು ಚಿತ್ರಕ್ಕಾಗಿ ಒಂದು ಗೂಡನ್ನು ಕೆಡಿಸುವುದು ವಿಜ್ಞಾನವೂ ಅಲ್ಲ, ಕಲೆಯೂ ಅಲ್ಲ.

ನಿಧಾನದ ಷಟರಿನ ವಿಶೇಷವೆಂದರೆ, ಬೆದರಿದ ಹಕ್ಕಿ ಅದಕ್ಕೆ ಸಲ್ಲದು. ಬೆದರಿದ ಹಕ್ಕಿ ಯಾವ ಕಡೆಗೆ ತಿರುಗುವುದೆಂದು ಹೇಳಲಾಗದು. ಅದರೊಡನೆ ಒಂದೇ ಸಮನೆ ತಿರುಗುವುದು ಕೈಗೆ ಸಾಧ್ಯವಿಲ್ಲ. ನಮಗೆ ಬೇಕಾದುದು ತನ್ನ ಪಾಡಿಗೆ, ತನ್ನ ನಿತ್ಯದ ದಾರಿಯಲ್ಲಿ, ನೆಟ್ಟಗೆ ಹಾರುವ ಹಕ್ಕಿ. ಬೆಳಗ್ಗೆ ಮೇವಿಗೆ ಹೋಗುವ, ಸಂಜೆ ಮರಕ್ಕೆ ಮರಳುವ ದಾರಿಗಳನ್ನು ನಾಲ್ಕು ದಿನ ಸುಮ್ಮನೆ ನಿಂತು ಗುರುತಿಸಿಕೊಳ್ಳಬೇಕು. ಐದನೆಯ ದಿನ ಕ್ಯಾಮರಾ ತಂದರೆ ಸಾಕು. ಹೀಗೆ ಈ ವಿಧಾನವು ಹಕ್ಕಿಗೆ ಉಪದ್ರವವನ್ನು ತಪ್ಪಿಸಿ, ನೋಡುವವನಿಗೆ ನೋಡುವುದನ್ನು ಕಲಿಸುತ್ತದೆ.

ಮುಂದಿನ ಸಲ ನಿಮ್ಮ ಚಿತ್ರವೊಂದು ಅಲುಗಿ ಬಂದರೆ ಕೂಡಲೇ ಅಳಿಸಬೇಡಿರಿ. ಮೈ ಎಷ್ಟು ಅಲುಗಿತು, ರೆಕ್ಕೆ ಎಷ್ಟು, ಹಿನ್ನೆಲೆ ಎಷ್ಟು ಎಂದು ಅಳೆದು ನೋಡಿರಿ. ಹಕ್ಕಿಯ ವೇಗವೂ, ರೆಕ್ಕೆಯ ಬಡಿತವೂ, ನಿಮ್ಮ ಕೈಯ ತಪ್ಪೂ ಅಲ್ಲಿ ಬರೆದಿರುತ್ತವೆ. ಅವುಗಳಲ್ಲಿ ಮೊದಲ ಎರಡನ್ನು ಟಿಪ್ಪಣಿ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿರಿ. ಮೂರನೆಯದನ್ನು ಮರುದಿನ ಬೆಳಗ್ಗೆ ಕೆರೆಯ ದಂಡೆಯಲ್ಲಿ ತಿದ್ದಿಕೊಳ್ಳಿರಿ.